ಕುರಿ ಇಲ್ಲದ ಊರಿನಲ್ಲಿ ಗಂಗಿ

ಗಣಿ ನಿಂತ ಮೇಲೆ ನಮ್ಮ ಮನೆಯ ಬಾಗಿಲು ಅಪ್ಪನದಾಯಿತು. ಅಲ್ಲಿಯವರೆಗೆ ಅದು ಎಲ್ಲರದೂ ಆಗಿತ್ತು. ಅವ್ವ ಕೊಡ ಹಿಡಿದು ಹೊರಡುತ್ತಿದ್ದಳು, ನಾನು ಶಾಲೆಗೆ ಓಡುತ್ತಿದ್ದೆ, ತಮ್ಮ ಮಾಳು ಆಗಷ್ಟೇ ನಡೆಯಲು ಕಲಿತವನು ಕಣ್ಣು ತಪ್ಪಿಸಿ ರಸ್ತೆಯ ಕಡೆ ನುಸುಳುತ್ತಿದ್ದ. ಗೋವೆಯ ಡಿಚೋಲಿ ಪೇಟೆಯಿಂದ ಗಣಿಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ಚೀರೆಕಲ್ಲಿನ ಗೋಡೆ, ತಗಡಿನ ಹೊದಿಕೆ ಇದ್ದ ಒಂದೊಂದೇ ಕೋಣೆಯ ಖೋಲಿಗಳ ಸಾಲು. ಅದರಲ್ಲಿ ಕೊನೆಯದು ನಮ್ಮದು. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಬಚ್ಚಲಿನ ಕಲ್ಲು, ನಡುವಿನ ಗೋಡೆಗೆ ಮೈಲಾರಲಿಂಗನ ಪಟ, ಅದರ ಕೆಳಗೆ ಒಂದು ಬಟ್ಟಲು ಅರಿಶಿನದ ಭಂಡಾರ. ಅಪ್ಪ ಹತ್ತು ಗಾಲಿಯ ಟಿಪ್ಪರ್ ಓಡಿಸುತ್ತಿದ್ದ. ಗಣಿಯಿಂದ ಅದಿರಿನ ಕೆಂಪು ಮಣ್ಣು ತುಂಬಿಕೊಂಡು ಹೊಳೆಯ ದಂಡೆಯಲ್ಲಿ ಹಡಗು ತುಂಬುವ ಜೆಟ್ಟಿಗೆ ಸುರಿದು, ಮತ್ತೆ ಖಾಲಿ ಗಾಡಿಯಲ್ಲಿ ಮೇಲಕ್ಕೆ. ಅವನ ರೆಪ್ಪೆಗೂದಲೂ ಕೆಂಪಗಿರುತ್ತಿತ್ತು. ಸ್ನಾನ ಮಾಡಿದರೆ ಬಚ್ಚಲ ತುಂಬಾ ಕೆಂಪು ನೀರು ಹರಿಯುತ್ತಿತ್ತು. ಒಂದು ದಿನ ಆ ನೀರು ತಿಳಿಯಾಯಿತು. ಗಾಡಿಗಳನ್ನು ಮಾಲೀಕರು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದರು, ಅವುಗಳ ಗಾಲಿಯ ಸುತ್ತ ಹುಲ್ಲು ಬೆಳೆಯಿತು. ಅಪ್ಪ ಹೊಸ್ತಿಲ ಮೇಲೆ ಕೂತ. ನಾವು ಒಳಗೆ ಹೊರಗೆ ಹೋಗಬೇಕಾದರೆ ಅವನು ಮೊಣಕಾಲು ಮಡಚಿಕೊಂಡು ದಾರಿ ಬಿಡುತ್ತಿದ್ದ, ಆದರೆ ಏಳುತ್ತಿರಲಿಲ್ಲ.

ನಮ್ಮ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಗಂಟು ಕಟ್ಟಿದರು. ಕೆಲವರು ಮಡಗಾಂವಿಗೆ ಗಾರೆ ಕೆಲಸಕ್ಕೆ ಹೋದರು, ಕೆಲವರು ಊರಿಗೆ. ಅಪ್ಪ ಎಲ್ಲಿಗೂ ಹೋಗಲಿಲ್ಲ. ಅವನಿಗೆ ಊರಿನಲ್ಲಿ ಉಳಿದದ್ದು ಅಣ್ಣಂದಿರ ಮನೆ ಮಾತ್ರ. ಬಾದಾಮಿಯ ಕಡೆಯ ಹಾಲುಮತದ ಮನೆತನ ನಮ್ಮದು. ಅಪ್ಪನ ಬಾಲ್ಯ ಕುರಿಯ ಹಿಂದೆಯೇ ಕಳೆದದ್ದಂತೆ. ಅಣ್ಣಂದಿರು ಹಿಂಡು ಪಾಲು ಮಾಡಿಕೊಂಡಾಗ ಇವನು ಸಿಟ್ಟಿನಿಂದ ತನ್ನ ಪಾಲಿನ ಕುರಿಗಳನ್ನು ಸಂತೆಯಲ್ಲಿ ಮಾರಿ, ಅಲ್ಲೇ ನಿಂತಿದ್ದ ಲಾರಿಯೊಂದಕ್ಕೆ ಕ್ಲೀನರ್ ಆಗಿ ಹತ್ತಿದ್ದ. ಆಮೇಲೆ ಕುರಿಯ ಮಾತನ್ನು ಅವನು ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಆ ಕಥೆ ನನಗೆ ಗೊತ್ತಾದದ್ದು ಅವ್ವನಿಂದ, ಅದೂ ಜಗಳದ ನಡುವೆ.

ಜಗಳಕ್ಕೆ ಕಾರಣ ಅವ್ವನ ಕೆಲಸ. ಗುಡ್ಡದ ಇಳಿಜಾರಿನಲ್ಲಿ ಅನಾಥ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಆಶ್ರಯವಿತ್ತು. ಫಿಲು ಮೇಡಂ ಎಂಬ ಗೋವೆಯ ಹೆಂಗಸು ಅದನ್ನು ನಡೆಸುತ್ತಿದ್ದರು. ಗಿಡ್ಡ ಕೂದಲು, ಯಾವಾಗಲೂ ರಬ್ಬರಿನ ಬೂಟು, ಮಾತು ಕಡಿಮೆ. ಅಪ್ಪ ಬಾಗಿಲಲ್ಲಿ ಕೂತ ಮೇಲೆ ಅವ್ವ ಅಲ್ಲಿ ಕೆಲಸಕ್ಕೆ ಸೇರಿದಳು. ನಾಯಿಗಳ ಗೂಡು ತೊಳೆಯುವುದು, ದೊಡ್ಡ ಹಂಡೆಯಲ್ಲಿ ಅಕ್ಕಿಯ ಜೊತೆ ಕೋಳಿಯ ಕಾಲು ತಲೆ ಹಾಕಿ ಬೇಯಿಸುವುದು, ಹುಣ್ಣಾದವುಗಳನ್ನು ಹಿಡಿದುಕೊಳ್ಳುವುದು. ಸಂಜೆ ಬಂದಾಗ ಅವಳ ಸೆರಗು ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಅವಳು ಮೊದಲು ಬಚ್ಚಲಿಗೆ ಹೋಗಿ ಮೈಗೆ ನೀರು ಹಾಕಿಕೊಂಡು ಆಮೇಲೆ ಹಿಟ್ಟು ಕಲಸುತ್ತಿದ್ದಳು. ಆದರೂ ಅಪ್ಪ ರೊಟ್ಟಿಯನ್ನು ಮೂಸಿ ನೋಡಿ ತಿನ್ನುತ್ತಿದ್ದ.

"ನಾಯಿ ಹೇಲು ಬಳಿಯೋ ಕೈಲೆ ತಟ್ಟಿದ ರೊಟ್ಟಿ. ಹಾಲುಮತದ ಸೊಸಿ ನೀ."

"ಹಾಲುಮತದವರಿಗೆ ನಾಯಿ ಬ್ಯಾಡಾದದ್ದು ಯಾವಾಗಿಂದ್ರೀ? ಕುರಿ ಮಾರಿ ಬಂದವರಿಗೆ ಹಂಗ ಅನಸಬೇಕು."

ಆ ಮಾತಿಗೆ ಅಪ್ಪ ತಾಟು ತಳ್ಳಿ ಎದ್ದು ಹೋಗಿ ಮತ್ತೆ ಹೊಸ್ತಿಲ ಮೇಲೆ ಕೂತ. ಹೋಗಲು ಇನ್ನೊಂದು ಜಾಗವೂ ಅವನಿಗಿರಲಿಲ್ಲ. ನಾವು ಅವನ ಬೆನ್ನನ್ನು ನೋಡುತ್ತ ಉಂಡೆವು. ನಮ್ಮಲ್ಲಿ ಭಾನುವಾರ ಮೈಲಾರಲಿಂಗನಿಗೆ ನೈವೇದ್ಯ ತೋರಿಸಿ, ನಾಯಿಗೆ ಮೊದಲ ತುತ್ತು ಹಾಕಿ, ಆಮೇಲೆ ಮನೆಯವರು ಉಣ್ಣಬೇಕು. ಊರಿನಲ್ಲಾದರೆ ನಾಯಿಯೂ ಮನೆಯದೇ. ಇಲ್ಲಿ ಅವ್ವ ರಸ್ತೆಗೆ ಹೋಗಿ ಯಾವುದೋ ಬೀದಿನಾಯಿಯನ್ನು ಕರೆದು ಹಾಕಿ ಬರುತ್ತಿದ್ದಳು. ಅಪ್ಪ ಅದನ್ನೂ ನೋಡದವನಂತೆ ಕೂತಿರುತ್ತಿದ್ದ.

ರಜೆಯ ದಿನ ಅವ್ವ ನನ್ನನ್ನು ಆಶ್ರಯಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಆ ನಾಯಿಯನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ಕಪ್ಪು ಮೈ, ಬಿಳಿ ಕೊರಳು, ಒಂದು ಕಣ್ಣು ಕಂದು, ಇನ್ನೊಂದು ತಿಳಿನೀಲಿ. ಗಣಿಯ ದೊಡ್ಡ ಸಾಹೇಬರೊಬ್ಬರ ಬಂಗಲೆಯಲ್ಲಿ ಬೆಳೆದದ್ದಂತೆ. ಗಣಿ ನಿಂತಾಗ ಸಾಹೇಬರ ಸಂಸಾರ ಬೇರೆ ರಾಜ್ಯಕ್ಕೆ ಹೋಯಿತು, ನಾಯಿಯನ್ನು ವಾಚಮನ್‌ನ ಕೈಯಲ್ಲಿ ಬಿಟ್ಟಿತು. ಅವನ ಕೆಲಸವೂ ಹೋದಾಗ ಅವನು ತಂದು ಇಲ್ಲಿ ಕಟ್ಟಿ ಹೋದ. ಮೇಡಂ ಅದನ್ನು ಬಾರ್ಡರ್ ಕೋಲಿ ಎನ್ನುತ್ತಿದ್ದರು. ಚಳಿಯ ದೇಶದಲ್ಲಿ ಕುರಿ ಕಾಯುವ ಜಾತಿ. ಗೂಡಿನಲ್ಲಿ ಅದು ಮಲಗಿದ್ದನ್ನೇ ನಾನು ನೋಡಲಿಲ್ಲ. ಸುತ್ತು, ಮತ್ತೆ ಸುತ್ತು, ಗೋಡೆಗೆ ತಾಗಿಕೊಂಡು ಸುತ್ತು. ಅಂಗಾಲು ಸವೆದು ನೆಲದ ಮೇಲೆ ರಕ್ತದ ಗುಂಡನೆಯ ಗೆರೆ ಮೂಡಿತ್ತು. ಹೊರಗೆ ಬಿಟ್ಟರೆ ಅಂಗಳದ ನಾಯಿಮರಿಗಳನ್ನೆಲ್ಲ ಒಂದು ಮೂಲೆಗೆ ತಂದು ಒತ್ತಿ ನಿಲ್ಲಿಸಿ, ಎದುರಿಗೆ ಹೊಟ್ಟೆ ನೆಲಕ್ಕಿಟ್ಟು ಅವುಗಳನ್ನೇ ದಿಟ್ಟಿಸುತ್ತಿತ್ತು. ಎರಡು ಮನೆಯವರು ಒಯ್ದು ಎರಡೂ ಸಲ ವಾಪಸ್ಸು ತಂದಿದ್ದರು. ಮಕ್ಕಳ ಹಿಮ್ಮಡಿ ಕಚ್ಚುತ್ತದೆ, ಹುಚ್ಚು ನಾಯಿ ಎಂದು.

ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂತು. ಏಳಲಾಗದಂಥ ಜ್ವರ. ಹೋಗದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ ಎಂಬ ಹೆದರಿಕೆಯಲ್ಲಿ ಅವಳು ಗೋಡೆ ಹಿಡಿದು ನಿಂತಳು, ಮತ್ತೆ ಕುಸಿದಳು. ಅಪ್ಪ ಬಹಳ ಹೊತ್ತು ಹೊರಗಿನ ಮಳೆ ನೋಡಿದ. ಆಮೇಲೆ ತಲೆಗೆ ಗೊಬ್ಬರದ ಚೀಲ ಕೊಪ್ಪೆ ಮಾಡಿ ಹಾಕಿಕೊಂಡ.

"ರೇಣಿ, ದಾರಿ ತೋರಸು ಬಾ," ಎಂದು ನನ್ನನ್ನು ಕರೆದ.

ಆವತ್ತು ನಾನು ಶಾಲೆ ಬಿಟ್ಟು ಅಪ್ಪನ ಜೊತೆ ನಡೆದೆ. ಮೇಡಂ ಅವನ ಕೈಗೆ ಪೊರಕೆ, ಬಕೆಟ್ಟು ಕೊಟ್ಟರು. ಅವನು ಯಾರ ಮುಖವನ್ನೂ ನೋಡದೆ ಒಂದೊಂದೇ ಗೂಡು ತೊಳೆಯುತ್ತ ಬಂದ. ಆ ಕೋಲಿ ನಾಯಿಯ ಗೂಡಿನ ಮುಂದೆ ಬಂದಾಗ ಅದು ಸುತ್ತುತ್ತಲೇ ಇತ್ತು. ಅಪ್ಪ ಪೊರಕೆ ಹಿಡಿದು ನಿಂತ. ಅದು ಸುತ್ತುವುದನ್ನೇ ನೋಡಿದ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒಂದು ಸದ್ದು ಹೊರಡಿಸಿದ. ನಡುಗುವ, ಉದ್ದನೆಯ, ಕೊನೆಗೆ ಮೇಲಕ್ಕೆ ಏರಿ ತುಂಡಾಗುವ ಸದ್ದು. ಆ ಸದ್ದು ನನ್ನ ಅಪ್ಪನ ಬಾಯಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ನಾಯಿ ಅರ್ಧ ಸುತ್ತಿನಲ್ಲಿ ನಿಂತಿತು. ಮೆಲ್ಲಗೆ ಹೊಟ್ಟೆಯನ್ನು ನೆಲಕ್ಕಿಳಿಸಿತು. ಎರಡು ಬಣ್ಣದ ಎರಡು ಕಣ್ಣೂ ಅವನ ಮೇಲೆ ನೆಟ್ಟವು.

ಆ ರಾತ್ರಿಯ ಊಟಕ್ಕೆ ನಾನೇ ಉಕಡೆ ಅಕ್ಕಿಯ ಗಂಜಿ ಬೇಯಿಸಿದ್ದೆ. ದಪ್ಪ ಕೆಂಪಕ್ಕಿಯ ಗೋವೆಯ ಗಂಜಿ ಅಪ್ಪನಿಗೆ ಸೇರುತ್ತಿರಲಿಲ್ಲ. ಅಂದು ಎರಡು ಸಲ ಹಾಕಿಸಿಕೊಂಡು ಉಂಡ.

"ನಮ್ಮ ಮನ್ಯಾಗ ಗಂಗಿ ಅಂತ ನಾಯಿ ಒಂದಿತ್ತು," ಎಂದ, ಯಾರಿಗೆಂದಿಲ್ಲದೆ. "ತ್ವಾಳ ಬಂದ್ರ ಹಿಂಡಿನ ಸುತ್ತ ಹಿಂಗ ತಿರಗತಿತ್ತು. ಈ ನಾಯಿಗೆ ಹುಚ್ಚಿಲ್ಲ. ಕೆಲಸಿಲ್ಲ, ಅಷ್ಟ."

ಅವ್ವ ಕಂಬಳಿಯೊಳಗಿಂದ ಮುಖ ಹೊರಗೆ ಹಾಕಿ ಅವನನ್ನು ನೋಡಿದಳು. ಅವಳಿಗೆ ಜ್ವರ ಇಳಿದ ಮೇಲೆಯೂ ಅಪ್ಪ ದಿನಾ ಸಂಜೆ ಅವಳನ್ನು ಕರೆತರುವ ನೆಪ ಮಾಡಿಕೊಂಡು ಗುಡ್ಡ ಹತ್ತತೊಡಗಿದ. ನಾಯಿಯನ್ನು ಮನೆಗೆ ತರುವ ಮಾತು ಎತ್ತಿದವಳು ಅವ್ವ. ಅವಳಿಗೆ ನಾಯಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಹೊಸ್ತಿಲಿನಿಂದ ಎದ್ದ ಗಂಡ. ಅದು ಆಗ ನನಗೂ ತಿಳಿದಿತ್ತು.

ಆಶ್ರಯದಿಂದ ನಾಯಿ ಒಯ್ಯಬೇಕಾದರೆ ಮೇಡಂ ಮೊದಲು ಮನೆ ನೋಡಲು ಬರುತ್ತಿದ್ದರು. ಅದು ಎಲ್ಲರಿಗೂ ಒಂದೇ ನಿಯಮ. ಅವ್ವ ಆ ಬೆಳಿಗ್ಗೆ ಖೋಲಿಯನ್ನು ಬಳಿದ ಹಾಗೆ ದೀಪಾವಳಿಗೂ ಬಳಿದಿರಲಿಲ್ಲ. ಪಾತ್ರೆಗಳನ್ನು ಬೂದಿ ಹಾಕಿ ಉಜ್ಜಿದಳು, ಹರಿದ ಚಾದರವನ್ನು ಕೆಳಗಿಟ್ಟು ಒಳ್ಳೆಯದನ್ನು ಮೇಲೆ ಹಾಸಿದಳು. ಪಕ್ಕದ ಖೋಲಿಯ ಖಾಜಾಬಿ ಚಾಚಿ ಎರಡು ಪ್ಲಾಸ್ಟಿಕ್ ಕುರ್ಚಿ ಕೊಟ್ಟಳು. ವಿಜಾಪುರದ ಕಡೆಯವಳು, ಗಂಡ ಟೆಂಪೋ ಓಡಿಸುತ್ತಿದ್ದ. ಮೇಡಂ ಬಂದು ಕುರ್ಚಿಯಲ್ಲಿ ಕೂರಲಿಲ್ಲ. ಖೋಲಿಯ ನಡುವೆ ನಿಂತು ಒಮ್ಮೆ ಸುತ್ತ ತಿರುಗಿ ನೋಡಿದರು. ಅಷ್ಟರಲ್ಲಿ ನೋಡುವುದೆಲ್ಲ ಮುಗಿಯಿತು. ನನ್ನ ಮನೆ ಒಂದೇ ಸುತ್ತಿಗೆ ನೋಡಿ ಮುಗಿಸುವಷ್ಟು ಎಂದು ನನಗೆ ಗೊತ್ತಾದದ್ದು ಆ ಹೊತ್ತಿನಲ್ಲಿ. ಅವರು ಹಿಂದಿಯಲ್ಲಿ ಕೇಳಿದರು, ಅವ್ವ ಹಿಂದಿ ಕನ್ನಡ ಕೂಡಿಸಿ ಉತ್ತರ ಹೇಳಿದಳು.

"ನೀಲಾ, ಕಂಪೌಂಡ್ ಇಲ್ಲ. ಎದುರಿಗೇ ರಸ್ತೆ," ಎಂದರು ಅವ್ವನಿಗೆ.

"ರಸ್ತೆ ಮ್ಯಾಲ ಈಗ ಗಾಡಿ ಎಲ್ಲಿ ಅದಾವ್ರಿ ಮೇಡಂ? ಇವರು ದಿನಾ ಅಡ್ಡಾಡಿಸ್ತಾರ. ಕಟ್ಟಿ ಹಾಕಂಗಿಲ್ಲ."

ಮೇಡಂ ಅಪ್ಪನ ಕಡೆ ತಿರುಗಿದರು. ಅವನು ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ. ಏನೋ ಹೇಳಬೇಕೆಂದು ಬಾಯಿ ತೆರೆದ, ಹಿಂದಿ ಬರುತ್ತಿದ್ದರೂ ಹಿಂದಿ ಹೊರಡಲಿಲ್ಲ.

"ನಾ ನೋಡ್ಕೋತೇನ್ರಿ," ಎಂದ ಕನ್ನಡದಲ್ಲೇ.

ಮೇಡಂಗೆ ಅದು ಅರ್ಥವಾಯಿತು. ಒಂದೇ ಮಾತು ಹೇಳಿದರು: ಸಾಕಲು ಆಗದ ದಿನ ಬಂದರೆ ನಾಚಿಕೊಳ್ಳಬೇಡಿ, ಹಿಂದಕ್ಕೆ ತಂದುಬಿಡಿ, ಬೀದಿಗೆ ಮಾತ್ರ ಬಿಡಬೇಡಿ. ಅಪ್ಪ ತಲೆಯಾಡಿಸಿದ. ಸಂಜೆ ಅವನು ನಾಯಿಯನ್ನು ಹಗ್ಗ ಹಿಡಿದು ಕರೆತಂದ. ಅವ್ವ ಅದರ ಹಣೆಗೆ ಭಂಡಾರ ಹಚ್ಚಿ "ಏಳುಕೋಟಿ ಏಳುಕೋಟಿಗೋ" ಎಂದಳು. ಅಪ್ಪನೂ ಸಣ್ಣ ದನಿಯಲ್ಲಿ ಎಂದ. ಹೆಸರು ಇಡುವ ಮಾತೇ ಬರಲಿಲ್ಲ. ಎಲ್ಲರೂ ಗಂಗಿ ಎಂದೇ ಕರೆದೆವು.

ಗಂಗಿ ನಮ್ಮ ಮನೆಯಲ್ಲಿ ಮೊದಲು ವಹಿಸಿಕೊಂಡದ್ದು ಮಾಳುವನ್ನು. ಅವನು ರಸ್ತೆಯ ಕಡೆ ಹೆಜ್ಜೆ ಇಟ್ಟರೆ ಎದುರಿಗೆ ಅಡ್ಡ ಮಲಗುತ್ತಿತ್ತು. ಅವನು ಬಳಸಿಕೊಂಡು ಹೋಗಲು ನೋಡಿದರೆ ಎದ್ದು ಮತ್ತೆ ಅಡ್ಡ. ಕೊನೆಗೆ ಅವನು ಅಳುತ್ತ ಮನೆಗೆ ತಿರುಗುತ್ತಿದ್ದ, ಅದು ಅವನ ಹಿಮ್ಮಡಿಗೆ ಮೂತಿ ತಾಗಿಸುತ್ತ ಹಿಂದೆ ಬರುತ್ತಿತ್ತು. ಕಚ್ಚಲಿಲ್ಲ. ಕಚ್ಚುವ ಮುಂಚೆಯೇ ಅಪ್ಪನ ನಾಲಿಗೆಯ ಸದ್ದು ಕೇಳುತ್ತಿತ್ತು. ನಾವು ಊಟಕ್ಕೆ ಕೂತಾಗ ನಾವೆಲ್ಲ ಗೋಡೆಯೊಳಗೆ ಇದ್ದೇವೆಂದು ಖಾತ್ರಿಯಾದ ಮೇಲೆಯೇ ಅದು ಮಲಗುತ್ತಿತ್ತು. ಖಾಜಾಬಿ ಚಾಚಿ ಮಾತ್ರ ಅದು ಹತ್ತಿರ ಬಂದರೆ ಸೀರೆ ಎತ್ತಿ ಹಿಡಿಯುತ್ತಿದ್ದಳು.

"ಅದನ್ನ ದೂರ ಹಿಡಕೋ ಯವ್ವಾ, ಮೂತಿ ತಾಗಿದ್ರ ನಾ ಮತ್ತ ಸೀರಿ ಬದಲಿ ಮಾಡಿ ನಮಾಜಿಗೆ ನಿಂದ್ರಬೇಕು."

ಹಾಗೆಂದರೂ ಮಾಂಸದ ಅಡಿಗೆ ಮಾಡಿದ ದಿನ ಎಲುಬನ್ನು ಎಲೆಯಲ್ಲಿ ಕಟ್ಟಿ ನಮ್ಮ ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದಳು.

ನಾಯಿಗೆ ಓಡಲು ಬಯಲು ಬೇಕಿತ್ತು. ಅಪ್ಪ ಅದನ್ನು ಗಣಿಯವರು ಸುರಿದ ಮಣ್ಣಿನ ಗುಡ್ಡೆಗಳ ಆಚೆಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಗಾವಕರ ಎಂಬ ಹಾಲಿನವನ ಎಮ್ಮೆಗಳು ಮೇಯುತ್ತಿದ್ದವು. ಕಾಯುವ ಮುದುಕ ಸಂಜೆ ಅವುಗಳನ್ನು ಕೂಡಿಸಲಾಗದೆ ಬೈದುಕೊಳ್ಳುತ್ತಿದ್ದುದನ್ನು ನೋಡಿ ಒಂದು ದಿನ ಅಪ್ಪ ಗಂಗಿಯನ್ನು ಬಿಟ್ಟನಂತೆ. ಎಮ್ಮೆಗಳು ಕೊಂಬು ಬೀಸಿದವು, ಆಮೇಲೆ ಒಂದರ ಹಿಂದೆ ಒಂದು ನಡೆದವು. ಮುಂದಿನ ತಿಂಗಳಿನಿಂದ ಎಮ್ಮೆ ಕಾಯುವ ಕೆಲಸ ಅಪ್ಪನದಾಯಿತು, ಹಗಲು ಮಾಳು ಖಾಜಾಬಿ ಚಾಚಿಯ ಹತ್ತಿರ ಇರುತ್ತಿದ್ದ. ಸಂಬಳ ಕಡಿಮೆ, ಜೊತೆಗೆ ದಿನಾ ಒಂದು ತಂಬಿಗೆ ಹಾಲು. ಶಾಲೆ ಬಿಟ್ಟ ಮೇಲೆ ನಾನು ಹೋಗಿ ದಿಬ್ಬದ ಮೇಲೆ ಕೂತು ನೋಡುತ್ತಿದ್ದೆ. ಅಪ್ಪ ಕೋಲಿನ ಮೇಲೆ ಗಲ್ಲ ಊರಿ, ಒಂದು ಕಾಲನ್ನು ಇನ್ನೊಂದಕ್ಕೆ ಆನಿಸಿ ನಿಂತಿರುತ್ತಿದ್ದ. ಸ್ಟೇರಿಂಗ್ ಹಿಡಿದ ಅಪ್ಪ ಮಾತ್ರ ನನಗೆ ಗೊತ್ತಿದ್ದದ್ದು. ಹೀಗೆ ನಿಲ್ಲುವವನು ನಾನು ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನವನು. ಗುಡ್ಡೆಯ ಕೆಳಗೆ ಗಣಿಯ ಹೊಂಡದಲ್ಲಿ ಹಸಿರು ನೀರು ನಿಂತಿರುತ್ತಿತ್ತು, ಗಂಗಿ ಎಮ್ಮೆಗಳನ್ನು ಅದರ ಅಂಚಿಗೆ ಹೋಗಗೊಡುತ್ತಿರಲಿಲ್ಲ. ಮನೆಗೆ ಬಂದು ಅಪ್ಪ ಹಾಲು ಕಾಯಿಸಿ ನಮಗೆ ತಾನೇ ಸುರಿಯುತ್ತಿದ್ದ. ಅವ್ವನ ರೊಟ್ಟಿಯನ್ನು ಮೂಸುವುದು ನಿಂತಿತ್ತು. ಬದುಕಿನಲ್ಲಿ ಮುಂದೆ ಇನ್ನೂ ಒಳ್ಳೆಯ ಮನೆಗಳಲ್ಲಿ ಇದ್ದು ಬಂದಿದ್ದೇನೆ. ಆದರೆ ಮನೆ ಎಂದಾಗ ನನಗೆ ನೆನಪಾಗುವುದು ಆ ಒಂದು ಚಳಿಗಾಲ.

ಬೇಸಿಗೆ ಶುರುವಾಗುವಾಗ ಸುದ್ದಿ ಬಂತು. ಗಣಿಯಲ್ಲಿ ಹಳೆಯದಾಗಿ ಬಿದ್ದಿದ್ದ ಮಣ್ಣು ಹರಾಜಾಗಿದೆ, ಅದನ್ನು ಜೆಟ್ಟಿಗೆ ಸಾಗಿಸಬೇಕಾಗಿದೆ, ಗಾಡಿಗಳು ಮತ್ತೆ ಹೊರಡುತ್ತವೆ. ಅಪ್ಪನ ಹಳೆಯ ಮಾಲೀಕ ಡ್ರೈವರ್‌ಗಳ ಮೇಸ್ತ್ರಿಯಾದ ಮುಕಾದಮನನ್ನು ನಮ್ಮ ಮನೆಗೇ ಕಳಿಸಿದ. ಅಂದು ಸಾಲಿನಲ್ಲಿ ಉಳಿದವರೆಲ್ಲ ಪಟಾಕಿ ಹಾರಿಸುವುದೊಂದು ಬಾಕಿ. ಅಪ್ಪ ಎಮ್ಮೆಯ ಕೋಲನ್ನು ಗಾವಕರನಿಗೆ ಒಪ್ಪಿಸಿ ಬಂದ. ಮಣ್ಣಿನ ಸಂಬಳದ ಮುಂದೆ ಎಮ್ಮೆಯ ಸಂಬಳ ಲೆಕ್ಕಕ್ಕೇ ಇರಲಿಲ್ಲ, ಬೇಡ ಎನ್ನುವ ಹಾಗೂ ಇರಲಿಲ್ಲ. ಸಾಲುಗಟ್ಟಿ ಗಾಡಿಗಳು ಬೆಳಗಿನಿಂದ ಸಂಜೆಯವರೆಗೆ ನಮ್ಮ ಬಾಗಿಲ ಮುಂದೆ ಉರುಳತೊಡಗಿದವು. ಕೆಂಪು ಧೂಳು ಮತ್ತೆ ಅನ್ನದ ಮೇಲೆ, ಹಾಸಿಗೆಯ ಮೇಲೆ, ಪಟದ ಗಾಜಿನ ಮೇಲೆ ಕೂತಿತು.

ಗಂಗಿಗೆ ಹುಚ್ಚು ಹಿಡಿದದ್ದು ಆಗ. ಮೊದಲ ದಿನ ಅದು ಬಾಗಿಲಲ್ಲಿ ನಿಂತು ನಡುಗುತ್ತ ಗಾಡಿಗಳನ್ನು ನೋಡಿತು. ಎರಡನೆಯ ದಿನ ಅವುಗಳ ಜೊತೆ ಓಡಿತು. ಅದರ ಕಣ್ಣಿಗೆ ಅದೊಂದು ಹಿಂಡು. ಅಷ್ಟು ದೊಡ್ಡ ಹಿಂಡನ್ನು ಅದು ಕಂಡಿರಲಿಲ್ಲ, ಮತ್ತು ಆ ಹಿಂಡು ಇದರ ಮಾತು ಕೇಳುತ್ತಿರಲಿಲ್ಲ. ಗಾಲಿಗೆ ಬಾಯಿ ಹಾಕುತ್ತಿತ್ತು, ಸಾಲಿನ ತುದಿಯವರೆಗೆ ಓಡಿ ಮುಂದಿನದನ್ನು ತಿರುಗಿಸಲು ನೋಡುತ್ತಿತ್ತು. ಅಪ್ಪ ಅದನ್ನು ಕಿಟಕಿಯ ಸರಳಿಗೆ ಕಟ್ಟಿ ಕೆಲಸಕ್ಕೆ ಹೋದ. ಅದು ಹಗ್ಗ ಕಡಿಯಿತು. ಸರಪಳಿ ತಂದ. ಇಡೀ ದಿನ ಸರಪಳಿ ಜಗ್ಗಿ ಕೊರಳು ಹುಣ್ಣಾಯಿತು. ಒಳಗೆ ಕೂಡಿ ಹಾಕಿದರೆ ಒಲೆಯ ಸುತ್ತ ತಿರುಗುತ್ತಿತ್ತು. ಅವ್ವ ಆಶ್ರಯದಿಂದ ತಂದ ಮುಲಾಮು ಹಚ್ಚುತ್ತ ಒಂದು ದಿನ ಮಾತು ತೆಗೆದಳು.

"ಮೇಡಂ ಹೇಳಿದ್ರಲ್ರೀ, ಆಗದಿದ್ರ ತಂದು ಬಿಡ್ರಿ ಅಂತ. ಗಾಡಿ ಓಡೂತನಕ ಅಲ್ಲೇ ಇರಲಿ. ನಾ ದಿನಾ ಕಣ್ಣಿಂದ ನೋಡ್ತೇನಿ. ನೀವು ಸಂಜಿಕ ಬರ್ರಿ."

"ಆ ಗೂಡಿಗೆ?"

"ಗೂಡಾದ್ರ ಏನಾತು? ಜೀವ ಉಳಿತೈತಿ."

"ಅದು ಅಲ್ಲಿ ಹ್ಯಾಂಗ ಇತ್ತು ಅಂತ ನೀನೂ ನೋಡಿದಿ. ನಾ ಇಲ್ಲಿ ಬಾಗಲಾಗ ಹ್ಯಾಂಗ ಕುಂತಿದ್ದೆ ಅದನ್ನೂ ನೋಡಿದಿ. ಮೂರನೇ ಸಲ ವಾಪಸ್ ಒಗೀಬೇಕೇನು ಅದನ್ನ?"

"ಒಗಿ ಅನ್ನಾಕತ್ತಿಲ್ರೀ ನಾ. ರಸ್ತೆ ಮ್ಯಾಲ ಸಾಯ್ತೈತಿ ಅನ್ನಾಕತ್ತೇನಿ."

"ರೂಢಿ ಆಕ್ಕೈತಿ. ಎಮ್ಮಿಗೆ ಆಗಲಿಲ್ಲೇನು?"

ಇಬ್ಬರೂ ಕೂಗಾಡಲಿಲ್ಲ. ಆ ಜಗಳದಲ್ಲಿ ಯಾರದು ಸರಿ ಎಂದು ನಾನು ಈಗಲೂ ಹೇಳಲಾರೆ. ಇಬ್ಬರೂ ಅದರ ಒಳ್ಳೆಯದನ್ನೇ ಬಯಸಿದ್ದರು. ನಮ್ಮ ಕೈಯಲ್ಲಿ ಇದ್ದದ್ದು ಒಂದು ಗೂಡು, ಒಂದು ಸರಪಳಿ, ಒಂದು ರಸ್ತೆ. ಆ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು.

ಆ ದಿನ ನಾನು ಶಾಲೆಯಿಂದ ಬರುತ್ತಿದ್ದೆ. ಬಿಸಿಲು ಜೋರಾಗಿತ್ತು. ಗುಡ್ಡದಿಂದ ರಸ್ತೆ ಇಳಿದು ಬರುವಲ್ಲಿ ಬಿಳಿ ಬಳಿದ ಒಂದು ಶಿಲುಬೆ ಇತ್ತು, ಅದರ ಪಕ್ಕದಲ್ಲಿ ಗೇರುಮರ. ತುಂಬಿದ ಗಾಡಿಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಧೂಳಿನಲ್ಲಿ ಒಂದು ಕಪ್ಪು ಬಿಳುಪು ಓಡುವುದು ಕಂಡಿತು. ಕೊರಳಲ್ಲಿ ತುಂಡು ಸರಪಳಿ ಕುಣಿಯುತ್ತಿತ್ತು. ಕಿಟಕಿಯ ಸರಳೇ ಕಿತ್ತು ಬಂದಿತ್ತೆಂದು ಆಮೇಲೆ ತಿಳಿಯಿತು. ನಾನು ಕೂಗಿದೆ. ಗಂಗಿ ಒಂದು ಗಾಡಿ ಬಿಟ್ಟಿತು, ಇನ್ನೊಂದು ಬಿಟ್ಟಿತು. ಮೂರನೆಯದು ಅಪ್ಪನದು. ಆ ಗಾಡಿಯ ಗುರುತು ಅದಕ್ಕೆ ಇತ್ತು, ದಿನಾ ಸಂಜೆ ಮನೆಯ ಮುಂದೆ ನಿಲ್ಲುತ್ತಿದ್ದದ್ದು ಅದೇ. ಅದು ಓಡಿ ಗಾಡಿಗಿಂತ ಮುಂದೆ ಹೋಯಿತು, ರಸ್ತೆಯ ನಡುವೆ ತಿರುಗಿ ನಿಂತಿತು, ಎಮ್ಮೆಗಳ ಮುಂದೆ, ಮಾಳುವಿನ ಮುಂದೆ ಮಾಡುವ ಹಾಗೆ ಹೊಟ್ಟೆಯನ್ನು ನೆಲಕ್ಕಿಟ್ಟು ತಲೆ ತಗ್ಗಿಸಿ ದಿಟ್ಟಿಸಿತು. ಗಾಡಿ ನಿಲ್ಲುತ್ತದೆ ಎಂಬ ಪೂರ್ತಿ ನಂಬಿಕೆಯಿಂದ ಅದು ಅಲ್ಲಿ ಮಲಗಿತ್ತು. ಬ್ರೇಕಿನ ಸದ್ದು ಬಂತು. ಇಳಿಜಾರಿನಲ್ಲಿ ತುಂಬಿದ ಗಾಡಿ ಜಾರುತ್ತ ಬಂದು ನಿಂತಿತು, ಆದರೆ ನಿಲ್ಲಬೇಕಾದ ಜಾಗವನ್ನು ದಾಟಿ.

ಅಪ್ಪ ಕೆಳಗಿಳಿದ. ಬಗ್ಗಿ ಗಾಲಿಗಳ ನಡುವಿನಿಂದ ಅದನ್ನು ಎತ್ತಿಕೊಂಡ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಯಾರೋ ಕೆಟ್ಟ ಹಿಂದಿಯಲ್ಲಿ ಬೈದರು, ಕುತ್ತಾ ಹೈ ಯಾರ್, ಚಲ್, ಚಲ್. ಅಪ್ಪ ಅದನ್ನು ಗೇರುಮರದ ನೆರಳಿಗೆ ತಂದು ಇಳಿಸಿದ. ಆಗ ನನ್ನನ್ನು ನೋಡಿದ. ಅವನ ರೆಪ್ಪೆಗಳು ಕೆಂಪಗಿದ್ದವು, ಧೂಳು.

"ಇಲ್ಲೇ ಕುಂದ್ರು ಯವ್ವಾ. ಬಿಟ್ಟು ಹೋಗಬ್ಯಾಡ."

"ಅಪ್ಪಾ, ನೀ?"

"ಲೈನ್ ನಿಂತೇತಿ," ಎಂದ. "ಹೋಗಬೇಕು."

ಅವನು ಗಾಡಿ ಹತ್ತಿ ಹೋದ. ಹೋಗದಿದ್ದರೆ ಆ ದಿನವೇ ಬೇರೊಬ್ಬನನ್ನು ಕೂರಿಸುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಅಷ್ಟು ಚಿಕ್ಕವಳಾದ ನನಗೂ ಗೊತ್ತಿತ್ತು. ನಾನು ಗಂಗಿಯ ತಲೆಯನ್ನು ಲಂಗದ ಮೇಲೆ ಇಟ್ಟುಕೊಂಡು ಕೂತೆ. ಅದರ ನೀಲಿ ಕಣ್ಣು ಇನ್ನೂ ರಸ್ತೆಯ ಮೇಲಿತ್ತು. ಪ್ರತಿ ಗಾಡಿ ದಾಟಿದಾಗಲೂ ಕಿವಿ ಅಲುಗುತ್ತಿತ್ತು. ಒಂದು ಗಾಡಿಗೆ ಅಲುಗಲಿಲ್ಲ. ಅದರ ಮುಂದಿನದಕ್ಕೂ ಅಲುಗಲಿಲ್ಲ. ಸುದ್ದಿ ಕೇಳಿದ ಖಾಜಾಬಿ ಚಾಚಿ ಮಾಳುವನ್ನು ಎತ್ತಿಕೊಂಡು ಓಡುತ್ತ ಬಂದಳು, ನಮ್ಮನ್ನು ನೋಡಿ ಹಾಗೆಯೇ ಗುಡ್ಡ ಹತ್ತಿ ಆಶ್ರಯಕ್ಕೆ ಹೋದಳು. ಅವ್ವ, ಮೇಡಂ ಇಬ್ಬರೂ ವ್ಯಾನಿನಲ್ಲಿ ಬಂದರು. ಮೇಡಂ ಬೈಯುತ್ತಾರೆಂದು ನಾನು ಕಾದೆ. ಅವರು ಕೆಳಗೆ ಕೂತು ಗಂಗಿಯ ಕೊರಳಿನ ಸರಪಳಿಯನ್ನು ಬಿಚ್ಚಿದರು, ಅದರ ಅಡಿಯ ಹುಣ್ಣನ್ನು ನೋಡಿದರು.

"ನಾನು ಕೊಡಬಾರದಿತ್ತು, ನೀಲಾ," ಎಂದರು.

ಅವ್ವ ತಲೆ ತಗ್ಗಿಸಿದಳು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ನಮ್ಮ ಖೋಲಿಯ ನಡುವೆ ನಿಂತು ಅವರು ಒಂದು ಸುತ್ತು ತಿರುಗಿ ನೋಡಿದಾಗ ಏನನ್ನು ಕಂಡಿದ್ದರೋ ಅದು ನಿಜವಾಯಿತಲ್ಲ ಎಂದು ನನ್ನ ಎದೆ ಉರಿಯಿತು. ಆಶ್ರಯದ ಹಿಂದಿನ ಮಣ್ಣಿನಲ್ಲಿ ಗಂಗಿಯನ್ನು ಹೂಳಿದರು. ಅಪ್ಪ ಬರಲಿಲ್ಲ. ಜೆಟ್ಟಿಯಲ್ಲಿ ಗಾಡಿ ಖಾಲಿ ಮಾಡಲು ಸಾಲಿನಲ್ಲಿ ನಿಂತಿದ್ದ.

ಸಂಜೆ ಮನೆಗೆ ಬಂದವನು ಸ್ನಾನ ಮಾಡಿದ. ಕೆಂಪು ನೀರು ಬಚ್ಚಲಿನಿಂದ ಹರಿದು ಹೋಗುವುದನ್ನು ನಿಂತು ನೋಡಿದ. ಅವ್ವ ತಾಟು ಇಟ್ಟಳು.

"ನನ್ನ ಗಾಡೀನ," ಎಂದ ಅಪ್ಪ. "ಹಿಂದಿಂದೂ ಅಲ್ಲ, ಮುಂದಿಂದೂ ಅಲ್ಲ. ನಂದ."

"ಗೊತ್ತೈತ್ರಿ. ಉಣ್ರಿ."

ಅವನು ಉಂಡ. ಅವ್ವ ತಾನು ಹೇಳಿದ್ದು ನಿಜವಾಯಿತೆಂದು ಆ ದಿನವೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ಹೇಳಿ ಒಂದು ಜಗಳವಾಡಿದ್ದರೆ ಏನಾದರೂ ಹಗುರವಾಗುತ್ತಿತ್ತೋ ಏನೋ. ನಮ್ಮ ಮನೆಯಲ್ಲಿ ಜಗಳ ನಿಂತುಹೋದದ್ದು ಆವತ್ತಿನಿಂದ. ಮಾಳು ಮಾತ್ರ ಬಹಳ ದಿನಗಳವರೆಗೆ ಹೊಸ್ತಿಲಿನ ಹತ್ತಿರ ಬಂದು ನಿಂತು, ಯಾರೂ ಅಡ್ಡ ಬಾರದ್ದನ್ನು ಕಂಡು, ಗೊತ್ತಾಗದೆ ಅಲ್ಲೇ ಅಳುತ್ತಿದ್ದ. ಅವನನ್ನು ಎತ್ತಿಕೊಂಡು ಬರುವ ಕೆಲಸ ನನ್ನದಾಯಿತು.

ಹರಾಜಿನ ಮಣ್ಣು ಮಳೆಗಾಲಕ್ಕೆ ಮುಂಚೆಯೇ ಮುಗಿಯಿತು. ಗಾಡಿಗಳು ಮತ್ತೆ ಬಯಲಿನಲ್ಲಿ ನಿಂತವು. ಅಪ್ಪ ಗಾವಕರನ ಬಳಿ ಹೋಗಿ ಬಂದ. ಅಲ್ಲಿ ಆಗಲೇ ವಾಳಪೈ ಕಡೆಯ ಒಬ್ಬನನ್ನು ಇಟ್ಟುಕೊಂಡಿದ್ದರು. ನಾಯಿ ಇಲ್ಲದ ಅಪ್ಪ ಅವರಿಗೆ ಬೇಕಾಗಿಯೂ ಇರಲಿಲ್ಲ. ಅವನು ಮತ್ತೆ ಹೊಸ್ತಿಲ ಮೇಲೆ ಕೂತ. ಈ ಸಲ ನಾವು ಒಳಗೆ ಹೊರಗೆ ಹೋಗುವಾಗ ಮೊಣಕಾಲನ್ನೂ ಮಡಚುತ್ತಿರಲಿಲ್ಲ, ನಾವು ದಾಟಿಕೊಂಡು ಹೋಗುತ್ತಿದ್ದೆವು. ಅವ್ವ ಮೊದಲಿನ ಹಾಗೆ ಆಶ್ರಯಕ್ಕೆ ಹೋಗುತ್ತಿದ್ದಳು. ಸಂಜೆ ಅವಳನ್ನು ಕರೆತರಲು ಈಗ ಯಾರೂ ಗುಡ್ಡ ಹತ್ತುತ್ತಿರಲಿಲ್ಲ.

ಒಂದು ರಜೆಯ ದಿನ ನಾನು ಅವಳ ಜೊತೆ ಹೋಗಿದ್ದೆ. ಗೂಡೊಂದರಲ್ಲಿ ಹೊಸ ನಾಯಿ ಇತ್ತು. ಅಲ್ಸೇಶನ್, ಇನ್ನೂ ಎಳೆಯದು, ಒಂದು ಕಿವಿ ನಿಂತಿತ್ತು, ಇನ್ನೊಂದು ನಿಂತಿರಲಿಲ್ಲ. ಅದೂ ಕುರಿ ಕಾಯುವ ಜಾತಿಯೇ ಎಂದು ಮೇಡಂ ಯಾರಿಗೋ ಹೇಳುತ್ತಿದ್ದರು. ನನ್ನನ್ನು ನೋಡಿ ಅದು ಸರಳಿನ ನಡುವಿನಿಂದ ಮುಂಗಾಲು ಹೊರಗೆ ಚಾಚಿತು, ನಾನು ಅದನ್ನು ಹಿಡಿದುಕೊಂಡೆ. ಅವ್ವ ಪೊರಕೆ ಹಿಡಿದು ಹಿಂದೆ ಬಂದು ನಿಂತಳು.

"ಮನ್ಯಾಗ ಹೇಳಬ್ಯಾಡ," ಎಂದಳು.

ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ಎಷ್ಟೋ ದಿನಗಳ ಮೇಲೆ ತಾನಾಗಿ ಒಂದು ಮಾತು ಆಡಿದ. ತಾಟಿನಿಂದ ತಲೆ ಎತ್ತದೆ ಕೇಳಿದ.

"ಆಶ್ರಯಕ್ಕ ಹೊಸಾವು ಏನರ ಬಂದಾವೇನು?"

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ನಾನು ಅವಳ ಕಡೆ ನೋಡಲಿಲ್ಲ, ಅವಳೂ ನನ್ನ ಕಡೆ ನೋಡಲಿಲ್ಲ.

"ಏನೂ ಇಲ್ಲರೀ," ಎಂದಳು.

ಅಪ್ಪ ತಲೆಯಾಡಿಸಿ, ರೊಟ್ಟಿ ಮುರಿದುಕೊಂಡ.